ಕಾರ್ಖಾನೆಗೆ ಮುಖಮಾಡಿದ ಹೋಟೆಲು: ಹ್ಯಾನೋವರ್ ಎಕ್ಸ್‌ಪೊ, ಆಟೋಸ್ಟಾಟ್ ಮತ್ತು ರಿಟ್ಜ್-ಕಾರ್ಲ್ಟನ್

1. ಒಂದೇ ದಿನ ತೆರೆದ ಎರಡು ಬಾಗಿಲು

ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ರಾಜಧಾನಿ ಹ್ಯಾನೋವರಿನಲ್ಲಿ 2000ದ ಜೂನ್ 1ರಂದು ಎಕ್ಸ್‌ಪೊ 2000 ವಿಶ್ವಪ್ರದರ್ಶನ ಆರಂಭವಾಯಿತು. ಅದೇ ದಿನ ಹ್ಯಾನೋವರಿನಿಂದ ಪೂರ್ವಕ್ಕೆ, ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿಯಲ್ಲಿರುವ ವೋಲ್ಫ್ಸ್‌ಬರ್ಗ್ ಪಟ್ಟಣದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಕಟ್ಟಿಸಿದ ‘ಆಟೋಸ್ಟಾಟ್’ ಎಂಬ ಉದ್ಯಾನವೂ ಜನರಿಗೆ ತೆರೆದುಕೊಂಡಿತು. ಕಾರನ್ನೇ ವಸ್ತುವಾಗಿ ಮಾಡಿಕೊಂಡ ಈ ಥೀಮ್ ಪಾರ್ಕಿನೊಳಗೆ ಒಂದು ಐಷಾರಾಮಿ ಹೋಟೆಲು ಇದೆ. ‘ದಿ ರಿಟ್ಜ್-ಕಾರ್ಲ್ಟನ್, ವೋಲ್ಫ್ಸ್‌ಬರ್ಗ್’ ಎಂಬ ಹೆಸರಿನಲ್ಲಿ 2000ದಲ್ಲಿ ಆರಂಭವಾದ ಅದು ಉಂಗುರದ ಆಕಾರದ ಕಟ್ಟಡ. ಸುಮಾರು 170 ಕೋಣೆಗಳು ಅದರಲ್ಲಿವೆ. ಆ ಉಂಗುರ ತೆರೆದುಕೊಳ್ಳುವ ಕಡೆ ಹೂದೋಟವಿಲ್ಲ, ಸರೋವರವಿಲ್ಲ. ನಾಲ್ಕು ಎತ್ತರದ ಚಿಮಣಿಗಳ ಹಳೆಯ ಇಟ್ಟಿಗೆಯ ವಿದ್ಯುದಾಗಾರವಿದೆ.

ವಿಹಾರಕ್ಕೆಂದು ಕಟ್ಟಿದ ಹೋಟೆಲುಗಳು ಸಾಮಾನ್ಯವಾಗಿ ಯಂತ್ರ, ಹೊಗೆ, ದುಡಿಮೆಗಳನ್ನು ಅತಿಥಿಯ ಕಣ್ಣಿನಿಂದ ಮರೆಮಾಡುತ್ತವೆ. ವೋಲ್ಫ್ಸ್‌ಬರ್ಗಿನ ಹೋಟೆಲು ಅವುಗಳ ಕಡೆಗೇ ಮುಖ ಮಾಡಿ ನಿಂತಿದೆ. ಈ ಆಯ್ಕೆಯ ಹಿಂದೆ ಒಂದು ಪ್ರಾಂತದ ವಿಹಾರ ಪರಂಪರೆ, ಒಂದು ಕಾರ್ಖಾನೆಯ ಕಹಿ ಇತಿಹಾಸ, ಒಂದು ಪಟ್ಟಣದ ನಿರುದ್ಯೋಗದ ಭಯ ಮತ್ತು ಒಂದು ವಿಶ್ವಪ್ರದರ್ಶನ ಸೇರಿಕೊಂಡಿವೆ. ಅವನ್ನು ಕ್ರಮವಾಗಿ ನೋಡಿದಾಗಲೇ ಈ ಹೋಟೆಲಿನ ಅರ್ಥ ಪೂರ್ತಿಯಾಗಿ ತಿಳಿಯುತ್ತದೆ.

2. ಹ್ಯಾನೋವರಿನ ವಿಹಾರ ಪರಂಪರೆ

ಹ್ಯಾನೋವರಿಗೆ ವಿಹಾರೋದ್ಯಾನ ಹೊಸದಲ್ಲ. ನಗರದ ವಾಯವ್ಯಕ್ಕಿರುವ ಹೆರೆನ್‌ಹೌಸೆನ್ನಿನ ‘ದೊಡ್ಡ ಉದ್ಯಾನ’ದ ಕೆಲಸ 1666ರಲ್ಲಿ ಡ್ಯೂಕ್ ಯೋಹಾನ್ ಫ್ರೀಡ್ರಿಷ್‌ನ ಕಾಲದಲ್ಲಿ ಮೊದಲಾಯಿತು. ಅದಕ್ಕೆ ಈಗಿನ ವಿಸ್ತಾರ ಬಂದದ್ದು ಎಲೆಕ್ಟ್ರೆಸ್ ಸೋಫಿಯ ಕಾಲದಲ್ಲಿ. 1714ರಲ್ಲಿ ತೀರಿಕೊಳ್ಳುವವರೆಗೂ ಆಕೆ ಆ ತೋಟವನ್ನು ಬೆಳೆಸುತ್ತಲೇ ಇದ್ದಳು. ಅದೇ ವರ್ಷ ಅವಳ ಮಗ ಜಾರ್ಜ್ ಬ್ರಿಟನ್ನಿನ ಸಿಂಹಾಸನವೇರಿದ. ಸುತ್ತ ನೀರಿನ ಕಾಲುವೆ, ನೇರ ಗೆರೆಯ ಹಾದಿಗಳು, ಕತ್ತರಿಸಿ ರೂಪಿಸಿದ ಬೇಲಿಗಿಡಗಳು, ಬಯಲು ರಂಗಮಂದಿರ, ನಟ್ಟನಡುವೆ ಕಾರಂಜಿ: ಸುಮಾರು 50 ಹೆಕ್ಟೇರಿನ ಈ ತೋಟ ಅರಮನೆಯ ಅತಿಥಿಗಳನ್ನು ದಿನವಿಡೀ ಬೇರೊಂದು ಲೋಕದಲ್ಲಿ ಇರಿಸಲು ರಚಿತವಾಗಿತ್ತು.

ದೊಡ್ಡ ಕಾರಂಜಿಯನ್ನು ಚಿಮ್ಮಿಸುವುದು ಆ ಕಾಲಕ್ಕೆ ಬಹು ದೊಡ್ಡ ತಾಂತ್ರಿಕ ಸವಾಲು. ಹ್ಯಾನೋವರಿನ ಆಸ್ಥಾನದಲ್ಲಿದ್ದ ತತ್ವಜ್ಞಾನಿ, ಗಣಿತಜ್ಞ ಲೈಬ್‌ನಿಟ್ಸ್ ಕೂಡ ಇದಕ್ಕೆ ತಲೆಕೊಟ್ಟವನು. ಕೊನೆಗೆ 18ನೆಯ ಶತಮಾನದ ಮೊದಲ ಭಾಗದಲ್ಲಿ ಲೈನೆ ನದಿಗೆ ಕೂಡಿಸಿದ ನೀರೆತ್ತುವ ಯಂತ್ರದಿಂದ ಅದು ಕೈಗೂಡಿತು. ಆ ಯಂತ್ರವಿದ್ದದ್ದು ತೋಟದ ಹೊರಗೆ, ನದಿಯ ದಂಡೆಯಲ್ಲಿ. ತೋಟದಲ್ಲಿ ನಿಂತವರಿಗೆ ಕಾಣುತ್ತಿದ್ದುದು ನೀರಿನ ಕಂಬ ಮಾತ್ರ. ಕಾರಣವನ್ನು ಬಚ್ಚಿಟ್ಟು ಫಲವನ್ನು ಮಾತ್ರ ತೋರಿಸುವ ಈ ಕ್ರಮವೇ ಮುಂದಿನ ಅನೇಕ ವಿಹಾರೋದ್ಯಾನಗಳ ಸೂತ್ರವೂ ಆಯಿತು.

1943ರ ಬಾಂಬ್ ದಾಳಿಯಲ್ಲಿ ಹೆರೆನ್‌ಹೌಸೆನ್ ಅರಮನೆ ನಾಶವಾಯಿತು. ಅದನ್ನು ಹಳೆಯ ಮುಖಭಾಗದೊಡನೆ ಸಭಾಭವನವಾಗಿ ಮತ್ತೆ ಕಟ್ಟಿ 2013ರಲ್ಲಿ ತೆರೆದದ್ದು ಹ್ಯಾನೋವರಿನ ಫೋಕ್ಸ್‌ವ್ಯಾಗನ್ ಪ್ರತಿಷ್ಠಾನ. ಸರ್ಕಾರದ ಸ್ವಾಧೀನದಲ್ಲಿದ್ದ ಕಾರು ಕಂಪನಿಯನ್ನು 1960ರ ಆಸುಪಾಸಿನಲ್ಲಿ ಷೇರು ಕಂಪನಿಯಾಗಿ ಮಾಡಿದಾಗ ಬಂದ ಹಣದಿಂದ, ವಿಜ್ಞಾನ ಸಂಶೋಧನೆಗೆ ನೆರವಾಗಲೆಂದು ಹುಟ್ಟಿದ ಸಂಸ್ಥೆ ಅದು. ಕಾರು ಕಂಪನಿಯಿಂದ ಬೇರೆಯಾದ, ಸ್ವತಂತ್ರವಾದ ಪ್ರತಿಷ್ಠಾನ. ಆದರೂ ರಾಜವಂಶದ ವಿಹಾರಸ್ಥಾನವನ್ನು ಮತ್ತೆ ನಿಲ್ಲಿಸಿದ ಸಂಪತ್ತಿನ ಬೇರು ವೋಲ್ಫ್ಸ್‌ಬರ್ಗಿನ ಕಾರ್ಖಾನೆಯಲ್ಲಿದೆ. ಈ ಪ್ರಾಂತದಲ್ಲಿ ತೋಟ ಮತ್ತು ಕಾರ್ಖಾನೆಯ ನಂಟು ಅಷ್ಟು ಹತ್ತಿರದ್ದು.

3. ಥೀಮ್ ಪಾರ್ಕಿನ ಹೋಟೆಲು ಎಂಬ ಮಾದರಿ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1955ರ ಜುಲೈಯಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಕೆಲವೇ ತಿಂಗಳಲ್ಲಿ ಅದರ ಪಕ್ಕದಲ್ಲಿ ಡಿಸ್ನಿಲ್ಯಾಂಡ್ ಹೋಟೆಲು ಆರಂಭವಾಯಿತು. ಉದ್ಯಾನ ಕಟ್ಟಿದ್ದರಲ್ಲೇ ವಾಲ್ಟ್ ಡಿಸ್ನಿಯ ಹಣ ಮುಗಿದಿದ್ದರಿಂದ ಹೋಟೆಲನ್ನು ಜಾಕ್ ರಾದರ್ ಎಂಬ ಬೇರೊಬ್ಬ ಉದ್ಯಮಿ ಕಟ್ಟಿದ. 1971ರಲ್ಲಿ ಫ್ಲಾರಿಡದ ಡಿಸ್ನಿ ವರ್ಲ್ಡ್ ತೆರೆಯುವ ಹೊತ್ತಿಗೆ ಕಂಪನಿ ಪಾಠ ಕಲಿತಿತ್ತು. ಕಂಟೆಂಪೊರರಿ ಎಂಬ ಹೋಟೆಲಿನ ಹೊಟ್ಟೆಯೊಳಗಿಂದಲೇ ಒಂಟಿಹಳಿಯ ರೈಲು ಹಾದುಹೋಗುವಂತೆ ರಚಿಸಿ, ಹೋಟೆಲನ್ನೂ ಉದ್ಯಾನದ ಆಟಗಳಲ್ಲಿ ಒಂದನ್ನಾಗಿಸಿತು. ಅದೇ ಉದ್ಯಾನದ ನೆಲದಡಿಯಲ್ಲಿ ನೌಕರರ ಓಡಾಟಕ್ಕೆಂದು ಉದ್ದುದ್ದ ಸುರಂಗದ ಹಾದಿಗಳಿವೆ. ವೇಷ ಹಾಕಿದವನು ವೇಷ ಕಳಚುವುದು, ಕಸ ಸಾಗುವುದು, ಸಾಮಾನು ಬರುವುದು ಯಾವುದೂ ಅತಿಥಿಗೆ ಕಾಣಬಾರದು. ಹೆರೆನ್‌ಹೌಸೆನ್ನಿನ ನೀರೆತ್ತುವ ಯಂತ್ರದ ಸೂತ್ರವೇ ಇಲ್ಲಿ ಇನ್ನಷ್ಟು ಕಟ್ಟುನಿಟ್ಟಾಯಿತು.

ಜರ್ಮನಿಯಲ್ಲಿ ಈ ಮಾದರಿ ಬೇರೂರಿದ್ದು ನೈಋತ್ಯದ ರುಸ್ಟ್ ಎಂಬ ಊರಿನಲ್ಲಿ. ಅಲ್ಲಿ 1975ರಲ್ಲಿ ಆರಂಭವಾದ ಯುರೋಪಾ ಪಾರ್ಕ್ 1995ರಲ್ಲಿ ಸ್ಪೇನಿನ ಶೈಲಿಯ ‘ಎಲ್ ಅಂಡಲೂಸ್’ ಹೋಟೆಲನ್ನು ತೆರೆಯಿತು. ಬಳಿಕ ಕೋಟೆ, ರೋಮನ್ ಅಖಾಡ, ಕ್ರೈಸ್ತ ಮಠ ಹೀಗೆ ಒಂದೊಂದು ವೇಷದ ಒಂದೊಂದು ಹೋಟೆಲು ಎದ್ದಿತು. ಹ್ಯಾನೋವರಿನ ಉತ್ತರಕ್ಕಿರುವ ಸೋಲ್ಟಾವಿನ ಹೈಡೆ ಪಾರ್ಕ್ 1978ರಲ್ಲಿ ಆರಂಭವಾಗಿ, 2007ರಲ್ಲಿ ಕಡಲುಗಳ್ಳರ ಕಥೆಯ ಸುತ್ತ ಹೆಣೆದ ಹೋಟೆಲನ್ನು ಪಡೆಯಿತು.

ಹ್ಯಾನೋವರ್ ನಗರದೊಳಗೇ ಇಂಥ ವೇಷಕಟ್ಟುವಿಕೆಯ ಸೊಗಸಾದ ಉದಾಹರಣೆ ಒಂದಿದೆ. 1865ರಲ್ಲಿ ತೆರೆದ ಅಲ್ಲಿನ ಪ್ರಾಣಿಸಂಗ್ರಹಾಲಯ 1990ರ ದಶಕದಲ್ಲಿ ಎಕ್ಸ್‌ಪೊವನ್ನು ಕಣ್ಣೆದುರಿಟ್ಟುಕೊಂಡು ಹೊಸ ರೂಪ ತಾಳಿತು. ಸಾಲು ಪಂಜರಗಳ ಬದಲು ಕಥೆಯುಳ್ಳ ಲೋಕಗಳು ಬಂದವು. 1997ರಲ್ಲಿ ತೆರೆದ ‘ಕಾಡಿನ ಅರಮನೆ’ಯಲ್ಲಿ ಆನೆ, ಹುಲಿಗಳು ಭಾರತದ ಮಹಾರಾಜನೊಬ್ಬನ ಪಾಳುಬಿದ್ದ ಅರಮನೆಯಂಥ ಕಟ್ಟಡದ ನಡುವೆ ಓಡಾಡುತ್ತವೆ. ‘ಮೈಯರ್ಸ್ ಹೋಫ್’ ಎಂಬ ಭಾಗದಲ್ಲಿ ಲೋವರ್ ಸ್ಯಾಕ್ಸನಿಯದೇ ಮರದ ಚೌಕಟ್ಟಿನ ಹಳೆಯ ತೋಟದ ಮನೆಗಳಿವೆ. ದೂರದ ಭಾರತವೂ ಹತ್ತಿರದ ಹಳ್ಳಿಯೂ ಅಲ್ಲಿ ಸಮಾನವಾಗಿ ನಾಟಕದ ರಂಗಸಜ್ಜಿಕೆಗಳಾಗಿವೆ. ಮೈಸೂರಿನ ಅಂಬಾವಿಲಾಸವನ್ನು ಕಂಡವರಿಗೆ ಆ ಅರಮನೆ ಕಲ್ಪನೆಯದೆಂದು ಒಡನೆ ಗೊತ್ತಾಗುತ್ತದೆ. ವೋಲ್ಫ್ಸ್‌ಬರ್ಗಿನ ಹೋಟೆಲಿಗೆ ಇಂಥ ಕಲ್ಪನೆಯ ವೇಷ ಬೇಕಾಗಲಿಲ್ಲ. ಅದರ ಎದುರು ನಿಜವಾದ, ಭಾರವಾದ ಒಂದು ಇತಿಹಾಸ ಆಗಲೇ ನಿಂತಿತ್ತು.

4. ಕಾಲುವೆಯ ದಂಡೆಯ ಕಾರ್ಖಾನೆ

ಉತ್ತರ ಜರ್ಮನಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ಸೀಳಿ ಹರಿಯುವ ಮಿಟ್ಟೆಲ್‌ಲ್ಯಾಂಡ್ ಕಾಲುವೆ 1916ರ ಹೊತ್ತಿಗೆ ಹ್ಯಾನೋವರನ್ನು ಮುಟ್ಟಿತ್ತು. 1938ರಲ್ಲಿ ಅದು ಎಲ್ಬೆ ನದಿಯ ತನಕ ಪೂರ್ಣಗೊಂಡಿತು. ಅದೇ ವರ್ಷದ ಮೇ 26ರಂದು, ಕಾಲುವೆಯ ಉತ್ತರ ದಂಡೆಯಲ್ಲಿ, ಫಾಲರ್ಸ್‌ಲೇಬೆನ್ ಎಂಬ ಹಳೆಯ ಊರಿನ ಬಳಿ ಹಿಟ್ಲರ್ ಹೊಸ ಕಾರು ಕಾರ್ಖಾನೆಗೆ ಅಡಿಗಲ್ಲು ಹಾಕಿದ. ಜುಲೈ 1ರಂದು ದಕ್ಷಿಣ ದಂಡೆಯಲ್ಲಿ ಕಾರ್ಮಿಕರ ಪಟ್ಟಣ ಅಧಿಕೃತವಾಗಿ ಸ್ಥಾಪನೆಯಾಯಿತು. ಪಟ್ಟಣದ ನಕ್ಷೆ ಪೀಟರ್ ಕೋಲರ್ ಎಂಬ ವಾಸ್ತುಶಿಲ್ಪಿಯದು. ಕಾಲುವೆಗೆ ಮುಖಮಾಡಿದ ಕಾರ್ಖಾನೆಯ ಇಟ್ಟಿಗೆ ಗೋಡೆ ಸುಮಾರು 1.3 ಕಿಲೋಮೀಟರ್ ಉದ್ದ. ಅದರ ಒಂದು ಕೊನೆಯಲ್ಲಿ ವಿದ್ಯುದಾಗಾರ. ಅದಕ್ಕೆ ಬೇಕಾದ ಕಲ್ಲಿದ್ದಲು ಕಾಲುವೆಯ ದೋಣಿಗಳಲ್ಲಿ ಬಂದು ಪಕ್ಕದ ಬಂದರುಕೊಳದಲ್ಲಿ ಇಳಿಯುತ್ತಿತ್ತು. ಆ ಕೊಳದ ಆಚೆಯ ದಡದಲ್ಲೇ ಈಗ ಹೋಟೆಲು ಇರುವುದು.

ಜನಸಾಮಾನ್ಯರಿಗೆ ಅಗ್ಗದ ಕಾರು ಎಂಬುದು ನಾತ್ಸಿ ಸರ್ಕಾರದ ಆಶ್ವಾಸನೆ. ಕಾರಿನ ರಚನೆ ಫರ್ಡಿನಾಂಡ್ ಪೋರ್ಷೆಯದು. ಸುಮಾರು 3,36,000 ಮಂದಿ ವಾರವಾರ ಉಳಿತಾಯದ ಅಂಚೆಚೀಟಿಯಂಥ ಚೀಟಿಗಳನ್ನು ಕೊಂಡು ಪುಸ್ತಕದಲ್ಲಿ ಅಂಟಿಸುತ್ತಾ ಹೋದರು. ಆ ಯೋಜನೆಯಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ. ಯುದ್ಧ ಬಂತು, ಕಾರ್ಖಾನೆ ಸೈನ್ಯದ ವಾಹನ ಮತ್ತು ಶಸ್ತ್ರಾಸ್ತ್ರಗಳ ಕೆಲಸಕ್ಕೆ ತಿರುಗಿತು. ಪೋಲೆಂಡ್, ಸೋವಿಯತ್ ಒಕ್ಕೂಟ, ಫ್ರಾನ್ಸ್, ಇಟಲಿ ಮೊದಲಾದ ದೇಶಗಳಿಂದ ಹಿಡಿದು ತಂದವರು, ಯುದ್ಧಕೈದಿಗಳು, ಸೆರೆಶಿಬಿರದ ಬಂದಿಗಳು ಸೇರಿ ಸುಮಾರು 20,000 ಮಂದಿ ಇಲ್ಲಿ ಬಲವಂತದ ದುಡಿಮೆಗೆ ಸಿಕ್ಕಿದರು. ಹಲವರು ಇಲ್ಲೇ ಸತ್ತರು. ಐಷಾರಾಮಿ ಹೋಟೆಲೊಂದರ ಚರಿತ್ರೆಯಲ್ಲಿ ಈ ಮಾತು ಹೊರಗಿನದೆಂದು ತೋರಬಹುದು. ಹೋಟೆಲಿನ ಕಿಟಕಿಯಿಂದ ಕಾಣುವ ಇಟ್ಟಿಗೆಯ ಗೋಡೆ ಆ ಕಾಲದ್ದೇ ಆದ್ದರಿಂದ ಇದು ಹೊರಗಿನ ಮಾತಲ್ಲ.

ಯುದ್ಧ ಮುಗಿದ ಕೂಡಲೇ, 1945ರ ಮೇ 25ರಂದು, ಪಟ್ಟಣಕ್ಕೆ ಪಕ್ಕದ ಹಳೆಯ ಕೋಟೆಮನೆಯ ಹೆಸರಾದ ವೋಲ್ಫ್ಸ್‌ಬರ್ಗ್ ಎಂಬುದನ್ನೇ ಇಡಲಾಯಿತು. ಬಾಂಬಿಗೆ ಸಿಕ್ಕಿ ಹಾಳಾಗಿದ್ದ ಕಾರ್ಖಾನೆಯನ್ನು ಮತ್ತೆ ನಡೆಸಿದವನು ಬ್ರಿಟಿಷ್ ಸೈನ್ಯದ ಮೇಜರ್ ಐವನ್ ಹರ್ಸ್ಟ್. ತಮ್ಮ ಸೈನ್ಯಕ್ಕೆ ವಾಹನ ಬೇಕಿದ್ದುದರಿಂದ ಬ್ರಿಟಿಷರು 20,000 ಕಾರುಗಳಿಗೆ ಬೇಡಿಕೆ ಕೊಟ್ಟರು. ಪೋರ್ಷೆ ರಚಿಸಿದ ಆ ಕಾರು ‘ಬೀಟಲ್’ ಎಂದು ಹೆಸರಾಯಿತು, 1955ರ ಆಗಸ್ಟ್‌ನಲ್ಲಿ ಹತ್ತು ಲಕ್ಷನೆಯದು ಹೊರಬಂತು. 1956ರಲ್ಲಿ ಹ್ಯಾನೋವರಿನ ಷ್ಟೋಕೆನ್ ಬಡಾವಣೆಯಲ್ಲಿ, ಅದೇ ಕಾಲುವೆಯ ಬಳಿ, ಸರಕು ವ್ಯಾನುಗಳ ಕಾರ್ಖಾನೆ ತೆರೆಯಿತು. 1962ರಿಂದ ಇಟಲಿಯ ಕೆಲಸಗಾರರು ಸಾವಿರಗಟ್ಟಲೆ ವೋಲ್ಫ್ಸ್‌ಬರ್ಗಿಗೆ ಬಂದರು. ಲೋವರ್ ಸ್ಯಾಕ್ಸನಿ ರಾಜ್ಯಸರ್ಕಾರ ಕಂಪನಿಯಲ್ಲಿ ದೊಡ್ಡ ಪಾಲನ್ನು ಇಂದಿಗೂ ಇಟ್ಟುಕೊಂಡಿದೆ. ಹೀಗಾಗಿ ವೋಲ್ಫ್ಸ್‌ಬರ್ಗಿನ ಏಳುಬೀಳು ಹ್ಯಾನೋವರಿನ ವಿಧಾನಸಭೆಯ ಚಿಂತೆಯೂ ಹೌದು.

5. ಬಿಕ್ಕಟ್ಟು ಮತ್ತು ಎಕ್ಸ್‌ಪೊ

1993ರ ಜನವರಿಯಲ್ಲಿ ಪೋರ್ಷೆಯ ಮಗಳ ಮಗ ಫರ್ಡಿನಾಂಡ್ ಪೀಎಹ್ ಕಂಪನಿಯ ಮುಖ್ಯಸ್ಥನಾದಾಗ ಅದು ಭಾರಿ ನಷ್ಟದಲ್ಲಿತ್ತು. ಸುಮಾರು 30,000 ಮಂದಿಯ ಕೆಲಸ ಅಪಾಯದಲ್ಲಿತ್ತು. ಕೆಲಸದಿಂದ ತೆಗೆಯುವ ಬದಲು ಎಲ್ಲರ ದುಡಿಮೆಯ ಹೊತ್ತನ್ನೇ ಕಡಿಮೆ ಮಾಡುವ ಒಪ್ಪಂದಕ್ಕೆ ಕಾರ್ಮಿಕ ಸಂಘವೂ ಕಂಪನಿಯೂ ಬಂದವು. 1994ರಿಂದ ವಾರಕ್ಕೆ 28.8 ಗಂಟೆಯ, ನಾಲ್ಕು ದಿನದ ಕೆಲಸ ಜಾರಿಗೆ ಬಂತು. ಒಂದೇ ಕಾರ್ಖಾನೆಯನ್ನು ನಂಬಿದ ಊರು ಎಷ್ಟು ದುರ್ಬಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. 1999ರಲ್ಲಿ ನಗರಸಭೆ ಮತ್ತು ಕಂಪನಿ ಸೇರಿ ‘ವೋಲ್ಫ್ಸ್‌ಬರ್ಗ್ ಎಜಿ’ ಎಂಬ ಜಂಟಿ ಸಂಸ್ಥೆ ಕಟ್ಟಿದವು. ನಿರುದ್ಯೋಗವನ್ನು ಅರ್ಧಕ್ಕಿಳಿಸುವುದು, ಪ್ರವಾಸ, ಮನರಂಜನೆ ಮೊದಲಾದ ಹೊಸ ಕಸುಬುಗಳನ್ನು ಊರಿಗೆ ತರುವುದು ಅದರ ಗುರಿ.

ಹೊರಗಿನಿಂದ ಜನ ಬರುವ ಸಂದರ್ಭವನ್ನು ಹ್ಯಾನೋವರ್ ಒದಗಿಸಿತು. 1990ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮತದಾನದಲ್ಲಿ ಟೊರಾಂಟೊವನ್ನು ಒಂದೇ ಮತದಿಂದ ಹಿಂದಿಕ್ಕಿ ಹ್ಯಾನೋವರ್ ಎಕ್ಸ್‌ಪೊ ಪಡೆದಿತ್ತು. 1992ರಲ್ಲಿ ನಗರದ ಜನರ ಅಭಿಪ್ರಾಯ ಕೇಳಿದಾಗ ತೆಳುವಾದ ಬಹುಮತ ಪ್ರದರ್ಶನದ ಪರವಾಗಿ ಬಂತು. ಮನುಷ್ಯ, ಪ್ರಕೃತಿ, ತಂತ್ರಜ್ಞಾನ ಎಂಬುದು ಅದರ ವಿಷಯ. 1998ರಲ್ಲಿ ಹ್ಯಾನೋವರ್ ಮತ್ತು ಬರ್ಲಿನ್ ನಡುವೆ ವೇಗದ ರೈಲುಹಾದಿ ವೋಲ್ಫ್ಸ್‌ಬರ್ಗಿನ ಮೂಲಕ ತೆರೆದುಕೊಂಡದ್ದು ಈ ಪಟ್ಟಣಕ್ಕೆ ದೊಡ್ಡ ಅದೃಷ್ಟ. ರೈಲು ನಿಲ್ದಾಣದ ಎದುರಿಗೇ ಕಾಲುವೆ, ಅದರಾಚೆ ಕಾರ್ಖಾನೆಯ ಹೊರಬಯಲು. ಅಲ್ಲಿಯೇ ಆಟೋಸ್ಟಾಟ್ ಎದ್ದಿತು.

ಹ್ಯಾನೋವರಿನ ಎಕ್ಸ್‌ಪೊ 2000ದ ಅಕ್ಟೋಬರ್ 31ಕ್ಕೆ ಮುಗಿಯಿತು. 4 ಕೋಟಿ ಜನ ಬರುವರೆಂಬ ಅಂದಾಜಿದ್ದಲ್ಲಿ ಬಂದವರು ಸುಮಾರು 1.8 ಕೋಟಿ. ಜಪಾನಿನ ಶಿಗೆರು ಬಾನ್ ಕಾಗದದ ಕೊಳವೆಗಳಿಂದ ಕಟ್ಟಿದ ಮಂಟಪ, ಸ್ವಿಟ್ಜರ್ಲೆಂಡಿನ ಪೀಟರ್ ಜುಮ್ಟರ್ ಮರದ ತೊಲೆಗಳನ್ನು ಪೇರಿಸಿ ಕಟ್ಟಿದ ಮಂಟಪ ಕಟ್ಟಡಕಲೆಯ ಚರಿತ್ರೆಯಲ್ಲಿ ಉಳಿದವು, ನೆಲದ ಮೇಲೆ ಉಳಿಯಲಿಲ್ಲ. ನೆದರ್ಲೆಂಡ್ಸಿನ ಬಹುಮಹಡಿ ಮಂಟಪ ಹಲವು ವರ್ಷ ಪಾಳುಬಿದ್ದಿತ್ತು. ಎಕ್ಸ್‌ಪೊದ ನಿಮಿತ್ತ ತೆರೆದ ಆಟೋಸ್ಟಾಟ್ ಮಾತ್ರ ಎಕ್ಸ್‌ಪೊ ಮುಗಿದ ಮೇಲೂ ಬೆಳೆಯಿತು. ಕೊರೊನಾಕ್ಕೆ ಮುಂಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಜನ ಅಲ್ಲಿಗೆ ಬರುತ್ತಿದ್ದರು. ಐದು ತಿಂಗಳ ಜಾತ್ರೆಗೂ ನೆಲೆಯೂರಿದ ಊರಿಗೂ ಇರುವ ವ್ಯತ್ಯಾಸವೇ ಇದಕ್ಕೆ ಕಾರಣ. ಕಾರು ಕೊಳ್ಳುವವರು ಇರುವ ತನಕ ಆಟೋಸ್ಟಾಟಿಗೆ ಬರುವವರೂ ಇರುತ್ತಾರೆ.

6. ಉದ್ಯಾನದ ರಚನೆ

ಆಟೋಸ್ಟಾಟಿನ ನಕ್ಷೆ ಮ್ಯೂನಿಕ್ ನಗರದ ವಾಸ್ತುಶಿಲ್ಪಿ ಗುಂಟರ್ ಹೆನ್ ಅವರದು. ಡ್ರೆಸ್ಡೆನ್ನಿನಲ್ಲಿ ಫೋಕ್ಸ್‌ವ್ಯಾಗನ್‌ಗಾಗಿ ಗಾಜಿನ ಗೋಡೆಗಳ ‘ಪಾರದರ್ಶಕ ಕಾರ್ಖಾನೆ’ ಕಟ್ಟಿದವರೂ ಅವರೇ. ಸುಮಾರು 43 ಕೋಟಿ ಯೂರೊ ವೆಚ್ಚದಲ್ಲಿ, 25 ಹೆಕ್ಟೇರಿಗೂ ಮಿಕ್ಕ ನೆಲದಲ್ಲಿ ಕೃತಕ ಕೊಳ, ಮಣ್ಣಿನ ದಿಬ್ಬ, ಸೇತುವೆಗಳ ನಡುವೆ ಕಂಪನಿಯ ಒಂದೊಂದು ಕಾರಿನ ಹೆಸರಿಗೂ ಒಂದೊಂದು ಮಂಟಪ ಎದ್ದಿತು. ಆಡಿ, ಸ್ಕೋಡಾ, ಸೀಟ್, ಬೆಂಟ್ಲಿ ಮಂಟಪಗಳ ಜೊತೆ ಕರಿಯ ಘನದಂತೆ ಕಾಣುವ ಲ್ಯಾಂಬೊರ್ಗಿನಿ ಮಂಟಪವೂ ಎದ್ದಿತು. 2012ರಲ್ಲಿ ಪೋರ್ಷೆ ಮಂಟಪ ಸೇರಿತು. ‘ಟ್ಸೈಟ್‌ಹೌಸ್’ ಎಂಬ ಸಂಗ್ರಹಾಲಯದಲ್ಲಿ ಬೇರೆ ಕಂಪನಿಗಳ ಚಾರಿತ್ರಿಕ ಕಾರುಗಳಿಗೂ ಜಾಗ ಕೊಟ್ಟಿರುವುದು ಮೆಚ್ಚಬೇಕಾದ ವಿಷಯ. ಡೆನ್ಮಾರ್ಕ್-ಐಸ್‌ಲೆಂಡ್ ಮೂಲದ ಕಲಾವಿದ ಒಲಾಫರ್ ಎಲಿಯಾಸನ್ 2004ರಲ್ಲಿ ರಚಿಸಿದ ‘ಪರಿಮಳದ ಸುರಂಗ’ದಲ್ಲಿ ಋತುವಿಗೆ ತಕ್ಕ ಹೂಕುಂಡಗಳ ಸಾಲು ನಡೆಯುವವರ ಸುತ್ತ ತಿರುಗುತ್ತದೆ.

ಉದ್ಯಾನದ ಹೃದಯ ಇರುವುದು ಎರಡು ಗಾಜಿನ ಗೋಪುರಗಳಲ್ಲಿ. 48 ಮೀಟರ್ ಎತ್ತರ, 20 ಅಂತಸ್ತು, ಒಂದೊಂದರಲ್ಲಿ 400 ಕಾರು. ಕಾರ್ಖಾನೆಯಲ್ಲಿ ಸಿದ್ಧವಾದ ಕಾರು ಸುಮಾರು 700 ಮೀಟರ್ ಉದ್ದದ ನೆಲದಡಿಯ ಸುರಂಗದಲ್ಲಿ ಸಾಗಿ ಗೋಪುರದ ಬುಡಕ್ಕೆ ಬರುತ್ತದೆ. ಅಲ್ಲಿಂದ ಯಂತ್ರದ ತೋಳು ಅದನ್ನು ಎತ್ತಿ ಖಾಲಿ ಗೂಡಿನಲ್ಲಿ ಇಡುತ್ತದೆ. ಕೊಂಡವರು ಬಂದ ದಿನ ಅದೇ ತೋಳು ಕಾರನ್ನು ಇಳಿಸಿ ಹಸ್ತಾಂತರದ ಸಭಾಂಗಣಕ್ಕೆ ಕಳಿಸುತ್ತದೆ. ಈ ಇಡೀ ಪ್ರಯಾಣದಲ್ಲಿ ಕಾರಿನ ಎಂಜಿನ್ ಚಾಲೂ ಆಗುವುದಿಲ್ಲ. ಕೀಲಿ ಕೈಗೆ ಬಂದಾಗ ದೂರದ ಮೀಟರಿನಲ್ಲಿ ಸೊನ್ನೆಯೇ ಇರುತ್ತದೆ. ಜರ್ಮನಿಯಲ್ಲಿ ಹೊಸ ಕಾರನ್ನು ಕಾರ್ಖಾನೆಗೇ ಹೋಗಿ ತರುವ ರೂಢಿ ಇರುವುದರಿಂದ, ಹೊಸ ಕಾರಿಗೆಂದು ಬಂದ ಕುಟುಂಬ ಒಂದು ದಿನ, ಒಂದು ರಾತ್ರಿ ತಂಗಿ ಹೋಗಲೆಂಬುದೇ ಉದ್ಯಾನದ ಲೆಕ್ಕಾಚಾರ. ಹೋಟೆಲಿನ ಅಗತ್ಯ ಹುಟ್ಟಿದ್ದು ಇಲ್ಲಿಂದ.

7. ಹೋಟೆಲಿನ ಕಟ್ಟಡ ಮತ್ತು ಒಳಾಂಗಣ

ರಿಟ್ಜ್-ಕಾರ್ಲ್ಟನ್ ಎಂಬ ಹೆಸರಿನ ಮೂಲ ಸೆಸಾರ್ ರಿಟ್ಜ್. ಸ್ವಿಟ್ಜರ್ಲೆಂಡಿನ ಹಳ್ಳಿಯಲ್ಲಿ 1850ರಲ್ಲಿ ಹುಟ್ಟಿದ ಅವನು 1898ರಲ್ಲಿ ಪ್ಯಾರಿಸ್ಸಿನ ರಿಟ್ಜ್ ಹೋಟೆಲನ್ನು ತೆರೆದ. ಮರುವರ್ಷ ಲಂಡನ್ನಿನ ಕಾರ್ಲ್ಟನ್ ಹೋಟೆಲಿಗೂ ಅವನದೇ ಮುಂದಾಳತ್ವ. ಇಂದಿನ ಕಂಪನಿ ರೂಪ ತಾಳಿದ್ದು 1983ರಲ್ಲಿ ಅಮೆರಿಕದ ಅಟ್ಲಾಂಟದಲ್ಲಿ. ಅದರ ಸೇವಾ ಪದ್ಧತಿಯನ್ನು ರೂಪಿಸಿದವರಲ್ಲಿ ಪ್ರಮುಖ ಹೊರ್ಸ್ಟ್ ಷುಲ್ಟ್ಸೆ ಜರ್ಮನಿಯವರು. 1990ರ ದಶಕದ ಕೊನೆಗೆ ಕಂಪನಿ ಮ್ಯಾರಿಯಟ್ ಸಮೂಹದ ಕೈಗೆ ಹೋಯಿತು. ಈ ಹೆಸರಿನ ಬಹುಪಾಲು ಹೋಟೆಲುಗಳ ಕಟ್ಟಡ ಒಬ್ಬರದು, ನಡೆಸುವ ಹೊಣೆ ರಿಟ್ಜ್-ಕಾರ್ಲ್ಟನ್ನಿನದು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ 2013ರಲ್ಲಿ ತೆರೆದ, ಭಾರತದ ಮೊದಲ ರಿಟ್ಜ್-ಕಾರ್ಲ್ಟನ್ ಇದೇ ಬಗೆಯದು. ವೋಲ್ಫ್ಸ್‌ಬರ್ಗಿನಲ್ಲಿ ಕಟ್ಟಡ ಕಾರು ಕಂಪನಿಯ ಕಡೆಯದು. ಸುಮಾರು 60 ವರ್ಷ ಹಳೆಯ ಕೈಗಾರಿಕಾ ಪಟ್ಟಣವೊಂದಕ್ಕೆ ಈ ಹೆಸರು ಬಂದದ್ದು ಆಗ ದೊಡ್ಡ ಸುದ್ದಿಯಾಗಿತ್ತು.

ಕಟ್ಟಡದ ಹೊರ ಆಕಾರ ಹೆನ್ ಅವರದು. ಪೂರ್ತಿ ಮುಚ್ಚದ ಆ ವರ್ತುಲದ ಹೊರಬದಿಯ ಕೋಣೆಗಳಿಗೆ ಕೊಳ ಮತ್ತು ದಿಬ್ಬಗಳ ನೋಟ, ಇನ್ನುಳಿದವಕ್ಕೆ ಬಂದರುಕೊಳ ಮತ್ತು ವಿದ್ಯುದಾಗಾರದ ನೋಟ. ಸಾಮಾನ್ಯ ಹೋಟೆಲಿನಲ್ಲಿ ಕಾರ್ಖಾನೆಯ ಕಡೆಗಿನ ಕೋಣೆ ಅಗ್ಗದ್ದಾಗುತ್ತದೆ. ಇಲ್ಲಿ ಆ ನೋಟವೇ ಹೋಟೆಲಿನ ಗುರುತು.

ಒಳಾಂಗಣದ ವಿನ್ಯಾಸ ಪ್ಯಾರಿಸ್ಸಿನ ಆಂದ್ರೆ ಪುಟ್ಮನ್ ಅವರದು. 1925ರಲ್ಲಿ ಹುಟ್ಟಿ, ಮೊದಲು ಸಂಗೀತ ಕಲಿತು, ಬಳಿಕ ವಿನ್ಯಾಸಕ್ಕೆ ಬಂದ ಈಕೆ ನ್ಯೂಯಾರ್ಕಿನ ಮಾರ್ಗನ್ಸ್ ಹೋಟೆಲನ್ನು 1984ರಲ್ಲಿ ಕಪ್ಪು-ಬಿಳುಪು ಚೌಕಗಳ ಸರಳ ಸ್ನಾನಗೃಹಗಳೊಂದಿಗೆ ರೂಪಿಸಿ ಹೋಟೆಲುಗಳ ಅಭಿರುಚಿಯನ್ನೇ ಬದಲಿಸಿದ್ದರು. ಕಾಂಕಾರ್ಡ್ ವಿಮಾನದ ಒಳಾಂಗಣಕ್ಕೂ ಹೊಸ ರೂಪ ಕೊಟ್ಟಿದ್ದರು. ವೋಲ್ಫ್ಸ್‌ಬರ್ಗಿನಲ್ಲಿ ಅವರು ಕಾರಿನ ಆಕಾರದ ಹಾಸಿಗೆ, ಚಕ್ರದ ಆಕಾರದ ಮೇಜುಗಳಿಗೆ ಕೈಹಾಕಲಿಲ್ಲ. ಮರ, ಕಲ್ಲು, ತಿಳಿ ಬಣ್ಣ, ಶುದ್ಧ ಗೆರೆಗಳು ಅವರಿಗೆ ಸಾಕಾದವು. ಥೀಮ್ ಪಾರ್ಕಿನೊಳಗಿದ್ದೂ ಥೀಮನ್ನು ಗೋಡೆಗೆ ಅಂಟಿಸದ ಈ ಸಂಯಮವೇ ಈ ಹೋಟೆಲಿನ ಹೆಚ್ಚುಗಾರಿಕೆ. ಕಿಟಕಿಯಾಚೆ ನಿಜವಾದ ಕಾರ್ಖಾನೆ ನಿಂತಿರುವಾಗ ಒಳಗೆ ಅದರ ಅನುಕರಣೆ ಬೇಕಿಲ್ಲವೆಂಬ ವಿವೇಕ ಅಲ್ಲಿದೆ. ಪುಟ್ಮನ್ 2013ರಲ್ಲಿ ತೀರಿಕೊಂಡರು. ಹೋಟೆಲಿನ ನಂತರದ ನವೀಕರಣಕ್ಕೆ ಅವರ ಜೊತೆ ದುಡಿದಿದ್ದ ಎಲಿಯಟ್ ಬಾರ್ನ್ಸ್ ಬಂದರು.

ಕಲ್ಲಿದ್ದಲು ಇಳಿಯುತ್ತಿದ್ದ ಬಂದರುಕೊಳದಲ್ಲೇ ಹೋಟೆಲಿನ ಈಜುಕೊಳ ತೇಲುತ್ತದೆ. ಅದರ ನೀರು ಬೇರೆ, ಬಂದರುಕೊಳದ ನೀರು ಬೇರೆ. ಬಿಸಿ ಮಾಡಿದ ನೀರಾದ್ದರಿಂದ ಚಳಿಗಾಲದಲ್ಲೂ ಅಲ್ಲಿ ಈಜಬಹುದು. ಈಜುವವರ ಕಣ್ಣಿಗೆ ನೇರವಾಗಿ ಬೀಳುವುದು ನಾಲ್ಕು ಚಿಮಣಿಗಳು. ವಿದ್ಯುದಾಗಾರದ ಹಳೆಯ ಯಂತ್ರಶಾಲೆಯಲ್ಲಿ 2003ರಿಂದ ‘ಮೋವಿಮೆಂಟೋಸ್’ ಎಂಬ ನೃತ್ಯೋತ್ಸವ ನಡೆದು, ಜಗತ್ತಿನ ಹೆಸರಾಂತ ಆಧುನಿಕ ನೃತ್ಯತಂಡಗಳು ಅಲ್ಲಿ ಕುಣಿದಿವೆ.

8. ಅಡುಗೆಮನೆ

ಹೋಟೆಲಿನ ಕೀರ್ತಿಯ ದೊಡ್ಡ ಪಾಲು ‘ಆಕ್ವಾ’ ಎಂಬ ಅದರ ಊಟದ ಮನೆಯದು. 1968ರಲ್ಲಿ ಹನಾವ್ ಎಂಬ ಊರಿನಲ್ಲಿ ಹುಟ್ಟಿದ ಸ್ವೆನ್ ಎಲ್ವರ್‌ಫೆಲ್ಡ್ 2000ದಲ್ಲೇ ಅದರ ಮುಖ್ಯ ಬಾಣಸಿಗರಾದರು. ಮೊದಲು ಸಿಹಿತಿನಿಸಿನ ಕೆಲಸ ಕಲಿತು ಆಮೇಲೆ ಅಡುಗೆಗೆ ಬಂದವರು. ಆಕ್ವಾಕ್ಕೆ 2002ರಲ್ಲಿ ಮಿಶೆಲಿನ್ ಕೈಪಿಡಿಯ ಮೊದಲ ನಕ್ಷತ್ರ ಬಂತು, 2006ರಲ್ಲಿ ಎರಡನೆಯದು, 2008ರ ನವೆಂಬರಿನಲ್ಲಿ ಪ್ರಕಟವಾದ 2009ರ ಆವೃತ್ತಿಯಲ್ಲಿ ಮೂರನೆಯದು. ಆ ಮೂರನ್ನೂ ಅದು ದಶಕಕ್ಕಿಂತ ಹೆಚ್ಚು ಕಾಲ ಉಳಿಸಿಕೊಂಡಿತು. ಎಲ್ವರ್‌ಫೆಲ್ಡ್ ಅವರ ಅಡುಗೆಯಲ್ಲಿ ದುಬಾರಿ ಸಾಮಗ್ರಿಗಿಂತ ಹೆಚ್ಚಾಗಿ ಗಮನ ಸೆಳೆದದ್ದು ಜರ್ಮನಿಯ ಮನೆಯೂಟವನ್ನು ಹೊಸದಾಗಿ ಕಂಡ ರೀತಿ. ತಮ್ಮ ಸೀಮೆಯ ಹಸಿರು ಸೊಪ್ಪಿನ ಸಾಸಿನಂಥ ನಿತ್ಯದ ರುಚಿಗಳನ್ನು ಅವರು ಮೂರು ನಕ್ಷತ್ರದ ತಟ್ಟೆಗೆ ತಂದರು.

ಮಿಶೆಲಿನ್ ಎಂಬುದು ಟಯರ್ ಕಂಪನಿ. ಜನ ಹೆಚ್ಚು ಕಾರು ಓಡಿಸಲಿ, ಟಯರ್ ಹೆಚ್ಚು ಸವೆಯಲಿ ಎಂದು 1900ರಲ್ಲಿ ಅದು ಪ್ರಯಾಣಿಕರಿಗೆ ಕೈಪಿಡಿ ಹಂಚತೊಡಗಿತು. ಊಟದ ಮನೆಗಳಿಗೆ ನಕ್ಷತ್ರ ಕೊಡುವ ಪದ್ಧತಿ 1926ರಲ್ಲಿ ಆರಂಭವಾಯಿತು. ಊಟಕ್ಕಾಗಿಯೇ ಪ್ರಯಾಣ ಮಾಡಬಹುದಾದ ಜಾಗವೆಂಬುದು ಮೂರು ನಕ್ಷತ್ರದ ಅರ್ಥ. ಕಾರಿನ ಕಾರಣದಿಂದ ಹುಟ್ಟಿದ ಗೌರವ ಕಾರಿನ ಕಾರ್ಖಾನೆಯ ಅಂಗಳಕ್ಕೆ ಬಂದದ್ದು ಚರಿತ್ರೆಯ ಒಂದು ಸಹಜ ಕೂಡುವಿಕೆ.

ಇದೇ ಅಂಗಳದಲ್ಲಿ ಇನ್ನೊಂದು ತಿನಿಸಿಗೂ ಅಷ್ಟೇ ಹೆಸರಿದೆ. ಫೋಕ್ಸ್‌ವ್ಯಾಗನ್ ಕಾರ್ಖಾನೆ 1973ರಿಂದ ತನ್ನ ಕ್ಯಾಂಟೀನಿಗೆ ತಾನೇ ಹಂದಿಮಾಂಸದ ಕರಿ ಸಾಸೇಜು ತಯಾರಿಸುತ್ತದೆ. ಕಾರಿನ ಬಿಡಿಭಾಗಗಳಿಗೆ ಇರುವಂತೆಯೇ ಅದಕ್ಕೂ 199 398 500 ಎ ಎಂಬ ಬಿಡಿಭಾಗ ಸಂಖ್ಯೆಯಿದೆ. 2021ರಲ್ಲಿ ಒಂದು ಕ್ಯಾಂಟೀನಿನಿಂದ ಅದನ್ನು ತೆಗೆದಾಗ, ಹಿಂದೆ ಲೋವರ್ ಸ್ಯಾಕ್ಸನಿಯ ಮುಖ್ಯಮಂತ್ರಿಯಾಗಿದ್ದು ಬಳಿಕ ದೇಶದ ಚಾನ್ಸಲರ್ ಆಗಿದ್ದ ಗೆರ್ಹಾರ್ಡ್ ಶ್ರೋಡರ್ ಬಹಿರಂಗವಾಗಿ ವಿರೋಧಿಸಿದರು. 2023ರಲ್ಲಿ ಅದು ಆ ಕ್ಯಾಂಟೀನಿಗೆ ಮರಳಿತು. ಹೋಟೆಲಿನ ಮೂರು ನಕ್ಷತ್ರದ ಊಟ ಮತ್ತು ಕಾರ್ಮಿಕರ ಈ ತಿನಿಸು, ಎರಡೂ ಒಂದೇ ಸ್ಥಳದ ಅಡುಗೆಯ ಚರಿತ್ರೆಗೆ ಸೇರಿದವು.

9. ಕಾಣುವುದು ಮತ್ತು ಕಾಣದಿರುವುದು

ಹೋಟೆಲು ಕಾರ್ಖಾನೆಗೆ ಮುಖಮಾಡಿದೆ ಎಂದ ಮಾತ್ರಕ್ಕೆ ಎಲ್ಲವೂ ಕಾಣುತ್ತದೆ ಎಂದಲ್ಲ. ಕೋಣೆಯಿಂದ ಕಾಣುವುದು ವಿದ್ಯುದಾಗಾರದ ಗೋಡೆ. ಕಾರು ಜೋಡಿಸುವ ಸಾಲು ಅದರಾಚೆ ಒಳಗಡೆ ಇದೆ. ಕಾರುಗಳು ಬರುವ ಸುರಂಗ ನೆಲದಡಿಯಲ್ಲಿದೆ. ಬಲವಂತದ ದುಡಿಮೆಯ ಸ್ಮಾರಕವೂ ಉದ್ಯಾನದ ಪ್ರವಾಸಿಗಳ ಮುಖ್ಯ ಹಾದಿಯಲ್ಲಿಲ್ಲ. ಕಂಪನಿ 1980ರ ದಶಕದಲ್ಲಿ ತನ್ನ ನಾತ್ಸಿ ಕಾಲದ ಚರಿತ್ರೆಯನ್ನು ಬರೆಯುವ ಕೆಲಸವನ್ನು ಇತಿಹಾಸಕಾರ ಹಾನ್ಸ್ ಮೊಮ್ಸೆನ್ ಅವರಿಗೆ ಒಪ್ಪಿಸಿತು. ಮಾನ್‌ಫ್ರೆಡ್ ಗ್ರೀಗರ್ ಅವರೊಡನೆ ಬರೆದ ಆ ಬೃಹತ್ ಗ್ರಂಥ 1996ರಲ್ಲಿ ಹೊರಬಂತು. 1998ರಲ್ಲಿ ಬದುಕುಳಿದವರಿಗೆ ನೆರವಿನ ನಿಧಿ ಸ್ಥಾಪನೆಯಾಯಿತು. ಕಾರ್ಖಾನೆಯೊಳಗಿನ ಹಳೆಯ ಬಾಂಬ್ ರಕ್ಷಣೆಯ ನೆಲಮಾಳಿಗೆಯಲ್ಲಿ 1999ರ ಡಿಸೆಂಬರಿನಲ್ಲಿ ಸ್ಮಾರಕ ತೆರೆಯಿತು. ಹೋಟೆಲು ತೆರೆಯುವುದಕ್ಕೆ ಆಗ ಸುಮಾರು ಆರು ತಿಂಗಳಷ್ಟೇ ಉಳಿದಿತ್ತು. ಹೋಟೆಲನ್ನು ನೋಡಲು ಬಂದವರು ಆ ಸ್ಮಾರಕವನ್ನೂ ನೋಡಿದರೆ ಮಾತ್ರ ಕಿಟಕಿಯ ನೋಟ ಪೂರ್ತಿಯಾಗುತ್ತದೆ.

ಕನ್ನಡನಾಡಿನಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಕೃಷ್ಣರಾಜಸಾಗರ. 1911ರಲ್ಲಿ ಆರಂಭವಾದ ಆ ಅಣೆಕಟ್ಟು ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದುಕೊಂಡಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅದರ ಬುಡದಲ್ಲಿ ಬೃಂದಾವನವನ್ನು ಬೆಳೆಸಿದರು. ತೋಟದ ರಚನೆಯಲ್ಲಿ ಪಾತ್ರ ವಹಿಸಿದ ಜಿ. ಎಚ್. ಕ್ರುಂಬೀಗಲ್ ಡ್ರೆಸ್ಡೆನ್ ಸೀಮೆಯ ಜರ್ಮನ್. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ದೀಪದ ಕಾರಂಜಿಗಳು, ಅವನ್ನೆಲ್ಲ ನೋಡುವಂತೆ ನಿಂತ ಹೋಟೆಲು. ಅಲ್ಲಿಯೂ ಅತಿಥಿಯ ಕಣ್ಣೆದುರು ನಿಂತಿರುವುದು ದುಡಿಮೆಯ ಒಂದು ಮಹಾರಚನೆ. ಆ ನೀರಿನಡಿ ಕನ್ನಂಬಾಡಿಯಂಥ ಊರುಗಳು ಮುಳುಗಿವೆ. ಊರು ಬಿಟ್ಟವರ ನೋವನ್ನೂ ವೋಲ್ಫ್ಸ್‌ಬರ್ಗಿನ ಬಂದಿಗಳ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಒಂದು ನಾಡಿನ ನೀರಾವರಿಗಾಗಿ ತೆತ್ತದ್ದು, ಇನ್ನೊಂದು ಕ್ರೂರ ಆಡಳಿತ ಸುಲಿದದ್ದು. ಆದರೆ ಚೆಲುವಾದ ನೋಟದ ಹಿಂದಿನ ಬೆಲೆಯನ್ನು ನೆನೆಯಬೇಕಾದ ಹೊಣೆ ಎರಡೂ ಕಡೆ ಒಂದೇ.

10. ಪಟ್ಟಣಕ್ಕಾದ ಫಲ

ಆಟೋಸ್ಟಾಟ್ ಮತ್ತು ಹೋಟೆಲಿನ ನಂತರ ವೋಲ್ಫ್ಸ್‌ಬರ್ಗಿನ ಮುಖ ಬದಲಾಯಿತು. ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಕಟ್ಟಿದ 1962ರ ಸಂಸ್ಕೃತಿ ಭವನವೂ 1994ರಲ್ಲಿ ತೆರೆದ ಕಲಾ ಸಂಗ್ರಹಾಲಯವೂ ಅಲ್ಲಿ ಮೊದಲೇ ಇದ್ದವು. 2005ರ ನವೆಂಬರಿನಲ್ಲಿ ರೈಲು ನಿಲ್ದಾಣದ ಪಕ್ಕ, ಬಾಗ್ದಾದಿನಲ್ಲಿ ಹುಟ್ಟಿದ ಜಹಾ ಹದೀದ್ ವಿನ್ಯಾಸ ಮಾಡಿದ ‘ಫೇನೊ’ ವಿಜ್ಞಾನ ಕೇಂದ್ರ ತೆರೆಯಿತು. ರೈಲು ಹಳಿ ಮತ್ತು ಕಾಲುವೆಯನ್ನು ದಾಟಿಸುವ ಪಾದಚಾರಿ ಸೇತುವೆ ಊರನ್ನೂ ಕಾರ್ಖಾನೆಯ ದಡವನ್ನೂ ಕೂಡಿಸಿತು. ಅದಕ್ಕೆ ಮುಂಚೆ ಕಾಲುವೆಯ ಉತ್ತರದ ದಂಡೆ ಎಂದರೆ ಬಹುಮಟ್ಟಿಗೆ ಕೆಲಸಕ್ಕೆ ಹೋಗುವವರ ದಂಡೆ ಆಗಿತ್ತು. ಈಗ ಮಕ್ಕಳು ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರಲು, ಬೇಸಿಗೆಯಲ್ಲಿ ಬಂದರುಕೊಳದ ಕಾರಂಜಿ ನೋಡಲು ಅಲ್ಲಿಗೆ ಹೋಗುತ್ತಾರೆ.

ಪಟ್ಟಣ ಕಾರಿನ ಮೇಲಿನ ಅವಲಂಬನೆಯಿಂದ ಬಿಡುಗಡೆ ಪಡೆಯಿತೆಂದು ಹೇಳುವಂತಿಲ್ಲ. ಉದ್ಯಾನವೂ ಹೋಟೆಲೂ ಅದೇ ಕಾರಿನ ಗಳಿಕೆಯಿಂದ ಎದ್ದವು, ಕಂಪನಿಗೆ ಕಷ್ಟ ಬಂದಾಗ ಅವಕ್ಕೂ ಕಷ್ಟ. ಆದರೂ ದುಡಿಮೆಯ ಸ್ಥಳ ನೋಡತಕ್ಕ ಸ್ಥಳವೂ ಆಗಬಲ್ಲದು, ಕಾರ್ಖಾನೆಯ ಗೋಡೆ ನಾಚಿಕೆಯ ವಸ್ತುವಾಗಬೇಕಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ಹೆರೆನ್‌ಹೌಸೆನ್ನಿನಿಂದ ಡಿಸ್ನಿಯವರೆಗೆ ಮೂರು ಶತಮಾನ ನಡೆದುಬಂದ ಮರೆಮಾಚುವ ಕ್ರಮಕ್ಕೆ ವೋಲ್ಫ್ಸ್‌ಬರ್ಗಿನ ಹೋಟೆಲು ಒಂದು ಪರ್ಯಾಯವನ್ನು ಒಡ್ಡಿದೆ. ಅಣೆಕಟ್ಟು, ಗಣಿ, ಸಕ್ಕರೆ ಕಾರ್ಖಾನೆಗಳ ಸುತ್ತ ಪ್ರವಾಸೋದ್ಯಮ ಬೆಳೆಸಲು ಹೊರಟ ಯಾವ ನಾಡೇ ಆದರೂ ಅದರಿಂದ ಎರಡು ಪಾಠ ಕಲಿಯಬಹುದು. ದುಡಿಮೆಯನ್ನು ಮುಚ್ಚಿಡದೆ ಅತಿಥಿಗೆ ತೋರಿಸುವುದು ಒಂದು. ತೋರಿಸುವಾಗ ಅಲ್ಲಿ ದುಡಿದವರ, ನೊಂದವರ ಚರಿತ್ರೆಯನ್ನೂ ಜೊತೆಗೇ ಹೇಳುವುದು ಇನ್ನೊಂದು.